ಎರಡು ಕಿಲೋಮೀಟರ್ ಕೆಳಗೆ ಒಂದು ಮಡಿಮನೆ

ಭಾನುವಾರ, ಜನವರಿ 29, 2023

ಕಿಂಗ್‌ಸ್ಟನ್‌ನಿಂದ ಸಡ್‌ಬರಿಗೆ ಸುಮಾರು 650 ಕಿ.ಮೀ. ಬೇಸಿಗೆಯಲ್ಲಾದರೆ ಏಳು ಗಂಟೆ ಸಾಕು. ಈ ಹಿಮದಲ್ಲಿ ಒಂಬತ್ತು ಹಿಡಿಯಿತು. ಬಾಡಿಗೆ ಕಾರು, ಹಿಂದಿನ ಸೀಟಿನಲ್ಲಿ ಎರಡು ಚೀಲ, ಒಂದು ಕುಕ್ಕರ್, ಪಕ್ಕದಲ್ಲಿ ಲಿಸ್ಬನ್‌ನಿಂದ ಬಂದ ಪಿಎಚ್‌ಡಿ ಹುಡುಗ. ಅವನಿಗೆ ಇದು ಕೆನಡಾದ ಮೊದಲ ಚಳಿಗಾಲ. ಪ್ಯಾರಿ ಸೌಂಡ್ ದಾಟುವಷ್ಟರಲ್ಲಿ ಅವನು ಮಾತಾಡುವುದನ್ನೇ ನಿಲ್ಲಿಸಿದ್ದ. ಕಿಟಕಿಯಾಚೆ ಬಂಡೆ, ಫರ್ ಮರ, ಹೆಪ್ಪುಗಟ್ಟಿದ ಕೆರೆ. ಮತ್ತೆ ಬಂಡೆ, ಮರ, ಕೆರೆ.

ನಾನು ಪೋಸ್ಟ್‌ಡಾಕ್. ಅಂದರೆ ಪಿಎಚ್‌ಡಿ ಮುಗಿದಿದೆ, ಕಾಯಂ ಕೆಲಸ ಸಿಕ್ಕಿಲ್ಲ. ನಡುವೆ ಎರಡೆರಡು ವರ್ಷದ ಕರಾರಿನ ಮೇಲೆ ಊರೂರು ತಿರುಗುತ್ತಾ ಬೇರೆಯವರು ಕಟ್ಟಿದ ಯಂತ್ರ ಸಂಭಾಳಿಸುವವಳು. ಬಂಗಾರಪೇಟೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆ "ಅವಳು ಇನ್ನೂ ಓದ್ತಾ ಇದ್ದಾಳೆ" ಅಂತಲೇ ಹೇಳುವುದು. ತಿದ್ದಿ ತಿದ್ದಿ ಸಾಕಾಗಿ ನಾನೂ ಸುಮ್ಮನಾಗಿದ್ದೇನೆ.

ಈಗಿನ ಯಂತ್ರದ ಹೆಸರು ಸ್ನೋ ಪ್ಲಸ್. ನ್ಯೂಟ್ರಿನೊ ಅನ್ನುವ, ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಹಾದುಹೋಗುವ ಅತಿ ಸಣ್ಣ ಕಣಗಳ ಸುಳಿವು ಹಿಡಿಯುವ ಯಂತ್ರ. ಸಡ್‌ಬರಿಯ ಪಕ್ಕದ ಕ್ರೈಟನ್ ನಿಕಲ್ ಗಣಿಯಲ್ಲಿ, ನೆಲದಿಂದ 2 ಕಿ.ಮೀ. ಆಳದಲ್ಲಿರುವ ಸ್ನೋಲ್ಯಾಬ್ ಎಂಬ ಪ್ರಯೋಗಾಲಯದಲ್ಲಿದೆ. ವರ್ಷದ ಬಹುಪಾಲು ನಾನು ಕಿಂಗ್‌ಸ್ಟನ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುತ್ತೇನೆ. ಆಗಾಗ ಇಲ್ಲಿಗೆ ಬಂದು ಇಳಿಯಬೇಕು. ಈ ಸಲದ ಕೆಲಸ ಸಣ್ಣದು. ಅದರಲ್ಲಿ ಬೆಳಕು ಹಿಡಿಯುವ ಕೊಳವೆಗಳಿವೆ, ಕೈಕೊಟ್ಟಿರುವ ನಾಲ್ಕನ್ನು ಕರೆಂಟಿನಿಂದ ಬಿಡಿಸಿ ಬರುವುದು.

ರಾತ್ರಿ ಬಾಡಿಗೆ ಮನೆ ಸೇರಿ, ಅನ್ನ ಸಾರು ಮಾಡಿ, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಮಲಗಿದೆವು. ಕೇಜ್ ಯಾರಿಗೂ ಕಾಯುವುದಿಲ್ಲ.

ಸೋಮವಾರ

ಕೇಜ್ ಅಂದರೆ ಗಣಿಯ ಲಿಫ್ಟು. ಲಿಫ್ಟು ಅಂದ ಕೂಡಲೇ ಗಾಜು, ಕನ್ನಡಿ ನೆನಪಾಗುತ್ತದೆ, ಹಾಗಾಗಿ ಕೇಜ್ ಅನ್ನುವುದೇ ಸರಿ. ಕಬ್ಬಿಣದ ಪೆಟ್ಟಿಗೆ. ಅದು ಗಣಿಯವರದು, ನಾವು ಅತಿಥಿಗಳು. ನಿಕಲ್ ತೆಗೆಯುವವರ ಜೊತೆ ನಾವೂ ತುರುಕಿಕೊಂಡು ಇಳಿಯುತ್ತೇವೆ. ತಪ್ಪಿದರೆ ಅವತ್ತಿನ ದಿನ ಹೋಯಿತು ಅಂತಲೇ ಲೆಕ್ಕ.

ಇಳಿಯುವ ಮೊದಲು ಬಟ್ಟೆ ಬದಲಿಸಬೇಕು. ಆ ಕೋಣೆಗೆ ಇಲ್ಲಿಯವರು ಡ್ರೈ ಅನ್ನುತ್ತಾರೆ. ಗಣಿಗಾರರ ಡ್ರೈ ನೋಡಿದರೆ ತಲೆಯ ಮೇಲೆಲ್ಲ ಬಟ್ಟೆ ನೇತಾಡುತ್ತಿರುತ್ತದೆ. ಸರಪಳಿ ಎಳೆದರೆ ಬುಟ್ಟಿ ಸೂರಿನವರೆಗೆ ಏರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಮೊದಲ ಸಲ ನೋಡಿದಾಗ ನಮ್ಮಜ್ಜಿಯ ಮಡಿಕೋಲು ಕಣ್ಣಿಗೆ ಕಟ್ಟಿತ್ತು. ಯಾರ ಕೈಗೂ ಸಿಗದಷ್ಟು ಎತ್ತರದ ಗಳುವಿನ ಮೇಲೆ ಅಜ್ಜಿ ಕೋಲಿನಿಂದ ಮಡಿಸೀರೆ ಹರವುತ್ತಿದ್ದರು. ಇಲ್ಲಿ ಮೇಲೇರುವುದು ಕೊಳೆ ಬಟ್ಟೆ, ಅಷ್ಟೇ ವ್ಯತ್ಯಾಸ. ಈ ಹೋಲಿಕೆ ಇಡೀ ವಾರ ನನ್ನನ್ನು ಬಿಡಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ದಪ್ಪ ಮೇಲಂಗಿ, ಕಬ್ಬಿಣದ ಮೂತಿಯ ಬೂಟು, ಸೊಂಟಕ್ಕೆ ಬೆಲ್ಟು, ಹೆಲ್ಮೆಟ್ಟು, ಅದರ ಮೇಲೆ ದೀಪ. ಹೆಸರಿನ ಬಿಲ್ಲೆಯನ್ನು ಹಲಗೆಗೆ ಸಿಕ್ಕಿಸಬೇಕು. ಸಂಜೆ ಬಿಲ್ಲೆ ವಾಪಸ್ ತೆಗೆಯದಿದ್ದರೆ ನೀವು ಇನ್ನೂ ಕೆಳಗಿದ್ದೀರಿ ಎಂದೇ ಅರ್ಥ. ಹುಡುಕಲು ಹೊರಡುತ್ತಾರೆ.

ಕೇಜಿನೊಳಗೆ ಭುಜಕ್ಕೆ ಭುಜ. ಯಾರೋ ಬೆಳಿಗ್ಗೆಯೇ ಹಿಂದಿನ ರಾತ್ರಿ ಹುಡುಗರ ಜೊತೆ ಆಡಿದ ಐಸ್ ಹಾಕಿ ಆಟದ ಮಾತಾಡುತ್ತಿದ್ದರು. ಬಾಗಿಲು ಎಳೆದರು. ನೆಲ ಕಾಲಡಿಯಿಂದ ಜಾರಿತು. ಮೂರ್ನಾಲ್ಕು ನಿಮಿಷ ಕತ್ತಲು, ಗಾಳಿಯ ಸದ್ದು, ಕಿವಿ ಟಪ್ ಟಪ್. ಲಿಸ್ಬನ್ ಹುಡುಗ ನನ್ನ ತೋಳು ಹಿಡಿದುಕೊಂಡ. ಅವನಿಗೆ ಗೊತ್ತಾಗಿರಲಿಲ್ಲ ಅನ್ನಿಸುತ್ತದೆ. ನಾನೂ ಹೇಳಲಿಲ್ಲ.

ಕೆಳಗೆ ಇಳಿದ ಕೂಡಲೇ ಸೆಖೆ. ಮೇಲೆ ಮೈನಸ್ 20, ಇಲ್ಲಿ ಬಂಡೆಯ ಬಿಸಿ 42 ಡಿಗ್ರಿ. ಸುರಂಗದಲ್ಲಿ ಒಂದೂವರೆ ಕಿ.ಮೀ. ನಡಿಗೆ. ಕೆಸರು, ಹಳಿ, ತಲೆಯ ಮೇಲೆ ಗಾಳಿಯ ದೊಡ್ಡ ಕೊಳವೆ, ಬಂಡೆ ಕುಸಿಯದಂತೆ ಹೊಡೆದ ಜಾಲರಿ. ಬಂಡೆಯ ಮೇಲೆ ಕೈಯಿಟ್ಟರೆ ಸಂಜೆಯ ಹೊತ್ತು ಬಿಸಿಲಿಗೆ ಕಾದ ಗೋಡೆ ಮುಟ್ಟಿದ ಹಾಗಿರುತ್ತದೆ.

ಸುರಂಗದ ಕೊನೆಗೆ ಮಡಿ ಶುರು.

ಮೊದಲು ಬೂಟಿಗೆ ಪೈಪಿನ ನೀರು ಬಿಟ್ಟು ಕೆಸರು ತೊಳೆಯಬೇಕು. ಒಂದು ಬಾಗಿಲು. ಬೂಟು, ಹೆಲ್ಮೆಟ್ಟು, ಮೇಲಂಗಿ ಎಲ್ಲ ಇಲ್ಲೇ ಬಿಡಬೇಕು. ಇದು ಕೊಳೆ ಬದಿ. ಮುಂದೆ ಶವರ್, ತಲೆಗೂದಲಿನ ಸಮೇತ ಪೂರ್ತಿ ಸ್ನಾನ. ಆಚೆ ಬದಿಗೆ ಹೊರಬಂದರೆ ಅಲ್ಲಿ ಒಗೆದಿಟ್ಟ, ನಾರು ಉದುರದ ಬಟ್ಟೆ. ಕೂದಲಿಗೆ ಬಲೆ, ಬೇರೆ ಶೂ, ಬೇರೆ ಹೆಲ್ಮೆಟ್ಟು. ಲ್ಯಾಪ್‌ಟಾಪ್ ಎರಡು ಪ್ಲಾಸ್ಟಿಕ್ ಚೀಲದೊಳಗೆ ಬಂದಿರುತ್ತದೆ. ಹೊರಚೀಲ ಆಚೆ ಬಿಟ್ಟು, ಒಳಚೀಲ ಒರೆಸಿ ತಗೊಳ್ಳಬೇಕು. ನನ್ನ ಚಿತ್ರಾನ್ನದ ಡಬ್ಬಿಗೂ ಇದೇ ಉಪಚಾರ.

ಇಷ್ಟೆಲ್ಲ ಯಾಕೆ ಅಂದರೆ, ಗಣಿಯ ಧೂಳಿನಲ್ಲಿ ಯುರೇನಿಯಂ, ಥೋರಿಯಂ ಇದೆ. ಎಲ್ಲ ಬಂಡೆಯಲ್ಲೂ ಇರುವಷ್ಟೇ, ಮನುಷ್ಯನಿಗೆ ಏನೂ ಆಗದಷ್ಟು. ಆದರೆ ನಾವು ಕಾಯುತ್ತಿರುವ ಸದ್ದು ಎಷ್ಟು ಸಣ್ಣದೆಂದರೆ ಒಂದು ಚಮಚ ಧೂಳು ಯಂತ್ರದೊಳಗೆ ಬಿದ್ದರೆ ಅದೇ ಜೋರಾಗಿ ಕೂಗಿಕೊಳ್ಳುತ್ತದೆ, ಉಳಿದಿದ್ದು ಕೇಳಿಸುವುದಿಲ್ಲ. ಅದಕ್ಕೇ 5000 ಚದರ ಮೀಟರಿನ ಇಡೀ ಪ್ರಯೋಗಾಲಯವೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಂತೆ. ಸುತ್ತ ಕೊಚ್ಚೆಯ ಗಣಿ, ನಡುವೆ ಇದು.

ಅಜ್ಜಿಯ ಮಡಿಯ ಜೊತೆ ನನಗೆ ಜಗಳವಿತ್ತು. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವುದೇ ಅದರ ಮುಕ್ಕಾಲು ಪಾಲು. ಹತ್ತನೇ ಕ್ಲಾಸಿನಲ್ಲಿ ಅದಕ್ಕಾಗಿ ಎರಡು ದಿನ ಊಟ ಬಿಟ್ಟಿದ್ದೆ. ಇಲ್ಲಿ ಪ್ರೊಫೆಸರಾಗಲಿ, ಪೈಪು ಜೋಡಿಸುವವರಾಗಲಿ, ನೊಬೆಲ್ ಬಂದವರಾಗಲಿ, ಅದೇ ಶವರ್, ಅದೇ ಬಟ್ಟೆ. ಈ ಮಡಿಯನ್ನು ನಾನು ತಕರಾರಿಲ್ಲದೆ ಮಾಡುತ್ತೇನೆ. ಅಜ್ಜಿ ಇದ್ದಿದ್ದರೆ ನಗುತ್ತಿದ್ದರು.

ಊಟದ ಕೋಣೆಯಲ್ಲಿ ಹುಡುಗ ಚಿಪ್ಸ್ ಪ್ಯಾಕೆಟ್ ತೆಗೆದು ನೋಡಿ ಗಾಬರಿಯಾದ. ಪ್ಯಾಕೆಟ್ ಒಳಕ್ಕೆ ಹೀರಿಕೊಂಡು ಮುದುಡಿತ್ತು. ಇಲ್ಲಿ ಗಾಳಿಯ ಒತ್ತಡ ಮೇಲಿಗಿಂತ ಸುಮಾರು ಕಾಲು ಪಾಲು ಜಾಸ್ತಿ. ನೆಲದ ಮೇಲೆ ಉಬ್ಬಿದ್ದ ಪ್ಯಾಕೆಟ್ ಕೆಳಗೆ ಬಂದ ಮೇಲೆ ಒಣ ಹಪ್ಪಳದಂತಾಗುತ್ತದೆ.

ಮಂಗಳವಾರ

ಬಂದವರೆಲ್ಲ ಕೇಳುವುದು ಒಂದೇ. "ಯಂತ್ರ ಎಲ್ಲಿ, ತೋರಿಸು." ತೋರಿಸಲು ಆಗುವುದಿಲ್ಲ. ನಾನೇ ಅದನ್ನು ಕಣ್ಣಾರೆ ನೋಡಿಲ್ಲ.

ನಾವು ನಿಲ್ಲುವುದು ಅದರ ನೆತ್ತಿಯ ಮೇಲಿನ ಅಟ್ಟದಲ್ಲಿ. ಕಾಲ ಕೆಳಗೆ 34 ಮೀಟರ್ ಎತ್ತರದ ಗುಹೆ, ತುಂಬಾ ನೀರು. ಸುಮಾರು 7000 ಟನ್, ಅತಿ ಶುದ್ಧ. ಅದರ ನಡುವೆ 12 ಮೀಟರ್ ಅಗಲದ ಅಕ್ರಿಲಿಕ್ ಗೋಳ. ಗೋಳದೊಳಗೆ 780 ಟನ್ ಎಣ್ಣೆಯಂಥ ದ್ರವ. ಯಾವುದಾದರೂ ಕಣ ಅದರಲ್ಲಿ ಹಾದು ಶಕ್ತಿ ಬಿಟ್ಟರೆ ದ್ರವ ಒಂದು ಕ್ಷಣ ಮಿನುಗುತ್ತದೆ. ಆ ಮಿನುಗು ಹಿಡಿಯಲು ಗೋಳದ ಸುತ್ತ ಸುಮಾರು 9300 ಬೆಳಕಿನ ಕೊಳವೆಗಳು ಒಳಮುಖವಾಗಿ ಕಣ್ಣು ಬಿಟ್ಟು ಕೂತಿವೆ. ಒಂದೊಂದೂ ಅಗಲದಲ್ಲಿ ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬಿದ್ದರೂ ಅವಕ್ಕೆ ತಿಳಿಯುತ್ತದೆ. ಅಂಥದ್ದರ ಮುಂದೆ ಟಾರ್ಚು ಬಿಡುವ ಹಾಗಿಲ್ಲ. ಹಾಗಾಗಿ ಎಲ್ಲ ಮುಚ್ಚಿದೆ, ಗಾಢ ಕತ್ತಲು. ಮೇಲೆ ಕಾಣುವುದು ಕೇಬಲ್ಲು, ಪೈಪು, ಒಂದು ಕತ್ತಿನಂಥ ಭಾಗ. ಅಷ್ಟೇ.

ಆ ಗೋಳದ ಕತೆ ನನಗಿಷ್ಟ. ಅದು ಮೊದಲು ಹಳೆಯ ಸ್ನೋ ಪ್ರಯೋಗದ್ದು. 1999ರಿಂದ 2006ರವರೆಗೆ ಅದರಲ್ಲಿ 1000 ಟನ್ ಭಾರಜಲವಿತ್ತು. ಕೆನಡಾದ ಅಣುಶಕ್ತಿ ಸಂಸ್ಥೆಯಿಂದ ಕಡ ತಂದದ್ದು. ಬೆಲೆ 30 ಕೋಟಿ ಡಾಲರ್. ಕೆಲಸ ಮುಗಿದ ಮೇಲೆ ವಾಪಸ್ ಕೊಟ್ಟರು. ಸೂರ್ಯನಿಂದ ಬರುವ ನ್ಯೂಟ್ರಿನೊಗಳಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅವು ಕಳೆದುಹೋಗಿಲ್ಲ, ದಾರಿಯಲ್ಲಿ ವೇಷ ಬದಲಿಸಿವೆ ಅಂತ 2001 ಮತ್ತು 2002ರಲ್ಲಿ ಹೇಳಿದ್ದು ಇದೇ ಗೋಳ. ಅದಕ್ಕೇ ಸ್ನೋ ತಂಡದ ಮುಖ್ಯಸ್ಥ ಆರ್ಥರ್ ಮೆಕ್‌ಡೊನಾಲ್ಡ್ ಅವರಿಗೆ 2015ರಲ್ಲಿ, ಜಪಾನಿನ ಕಜಿತ ಅವರ ಜೊತೆ, ನೊಬೆಲ್ ಬಂತು.

ಭಾರಜಲ ಹೆಸರಿಗೆ ತಕ್ಕಂತೆ ನೀರಿಗಿಂತ ಭಾರ. ಗೋಳ ಮುಳುಗದ ಹಾಗೆ ಆಗ ಹಗ್ಗದಿಂದ ಮೇಲಕ್ಕೆ ತೂಗುಹಾಕಿದ್ದರು, ತೊಟ್ಟಿಲಿನ ಹಾಗೆ. ಈಗ ಇರುವ ದ್ರವ ನೀರಿಗಿಂತ ಹಗುರ. ಬಾವಿಗೆ ಬಿದ್ದ ತೆಂಗಿನಕಾಯಿಯಂತೆ ಗೋಳ ಮೇಲಕ್ಕೆ ತೇಲಲು ನೋಡುತ್ತದೆ. ಒಳಗಿನ ದ್ರವ ಮೇಲಕ್ಕೆ ನೂಕುವ ಬಲವೇ ನೂರು ಟನ್‌ಗಿಂತ ಜಾಸ್ತಿ. ಹಾಗಾಗಿ ನೆತ್ತಿಯ ಮೇಲೆ ಹಗ್ಗದ ಬಲೆ ಹಾಕಿ ಗುಹೆಯ ತಳಕ್ಕೆ ಬಿಗಿದಿದ್ದಾರೆ. ಗೋಳ ಅದೇ. ಮೊದಲು ಬೀಳದಂತೆ ಹಿಡಿದರು, ಈಗ ಏಳದಂತೆ ಹಿಡಿದಿದ್ದಾರೆ.

ಮುಂದೆ ಈ ದ್ರವಕ್ಕೆ ಸುಮಾರು 3.9 ಟನ್ ಟೆಲ್ಯುರಿಯಂ ಎಂಬ ಧಾತು ಬೆರೆಸುವ ಯೋಜನೆ ಇದೆ. ಹಲವು ಕಣಗಳಿಗೆ ಪ್ರತಿಕಣ ಎಂಬ ತದ್ವಿರುದ್ಧ ಜೋಡಿಯಿರುತ್ತದೆ. ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವೇ? 1937ರಲ್ಲಿ ಇಟಲಿಯ ಭೌತವಿಜ್ಞಾನಿ ಮಯೋರಾನಾ ಎತ್ತಿದ ಪ್ರಶ್ನೆ ಇದು. ಹೌದಾದರೆ ಟೆಲ್ಯುರಿಯಂ 130 ಎಂಬ ಬಗೆಯ ಪರಮಾಣು ಎಂದೋ ಒಮ್ಮೆ, ನ್ಯೂಟ್ರಿನೊ ಹೊರಬಿಡದೆ, ಎರಡು ಎಲೆಕ್ಟ್ರಾನ್ ಮಾತ್ರ ಉಗುಳಿ ಬೇರೆ ಧಾತುವಾಗಬೇಕು. ಎಂದೋ ಅಂದರೆ ಒಂದು ಪರಮಾಣುವಿಗೆ ಬ್ರಹ್ಮಾಂಡದ ವಯಸ್ಸೂ ಸಾಲದು. ಅದಕ್ಕೇ ಟನ್‌ಗಟ್ಟಲೆ ಬೇಕು. ಆ ಟೆಲ್ಯುರಿಯಂ ಆಗಲೇ ಗಣಿಯೊಳಗೆ ಬಂದು ವರ್ಷಗಟ್ಟಲೆ ಸುಮ್ನೆ ಕೂತಿದೆ. ನೆಲದ ಮೇಲಿದ್ದಾಗ ಆಕಾಶದಿಂದ ಬರುವ ವಿಶ್ವಕಿರಣ ಬಡಿದು ಅದರಲ್ಲಿ ಹುಟ್ಟಿದ ಮೈಲಿಗೆ ತಣಿಯಲಿ ಅಂತ. ಉಪ್ಪಿನಕಾಯಿ ಮಾಗಿಸಿದ ಹಾಗೆ. ನೋಡಿ, ಮತ್ತೆ ಮಡಿ.

ಸಂಜೆ ಅಮ್ಮನ ಫೋನು. "ಊಟ ಆಯ್ತೇನೇ? ಆ ಕರಾರು ಮುಂದುವರೀತಾ?" ಊಟ ಆಗಿತ್ತು.

ಬುಧವಾರ

ಇವತ್ತಿನ ಕೆಲಸ ಕೈ ಕೆಲಸ. ಕೊಳವೆಗಳಿಂದ ಬರುವ ತಂತಿಗಳು ಅಟ್ಟದ ಮೇಲಿನ 19 ಕ್ರೇಟುಗಳಿಗೆ ಬರುತ್ತವೆ. ಕ್ರೇಟ್ ಅಂದರೆ ಬೀರುವಿನೊಳಗಿನ ಒಂದು ಖಾನೆ ಅಂದುಕೊಳ್ಳಿ. ಒಂದೊಂದರಲ್ಲಿ 16 ಕಾರ್ಡು, ಒಂದು ಕಾರ್ಡಿಗೆ 32 ಕೊಳವೆ. ಇಡೀ ಕ್ರೇಟಿಗೆ ಸುಮಾರು 2000 ವೋಲ್ಟಿನ ಕರೆಂಟು ಒಟ್ಟಿಗೆ ಹೋಗುತ್ತದೆ. 512 ಕೊಳವೆಗಳಲ್ಲಿ ಒಂದು ನೀರಿನೊಳಗೆ ಕೆಟ್ಟು ಕಿಡಿ ಹಾರಿಸಿದರೂ ಎಲ್ಲದಕ್ಕೂ ತೊಂದರೆ. ಕೊಳವೆ ಬದಲಿಸೋಣ ಅಂದರೆ ಅದು ನೀರಿನಲ್ಲಿದೆ, ಕೈಗೆಟುಕುವುದಿಲ್ಲ. ಹಾಗಾಗಿ ಅದಕ್ಕೆ ಕರೆಂಟು ಕೊಡುವ ಸಣ್ಣ ರೆಸಿಸ್ಟರನ್ನು ಕಾರ್ಡಿನಿಂದ ಕಿತ್ತುಬಿಡುವುದು. ಅಲ್ಲಿಗೆ ಆ ಕಣ್ಣು ಕಾಯಂ ಮುಚ್ಚಿತು.

ಕರೆಂಟು ಆಫ್ ಮಾಡಿ, ಆರಿದೆಯೇ ಅಂತ ಎರಡು ಸಲ ನೋಡಿ, ಕಾರ್ಡು ಎಳೆದೆ. 1990ರ ದಶಕದ ಹಸಿರು ಹಲಗೆ, ನನ್ನ ಶಾಲೆಯ ದಿನಗಳದ್ದು. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಸಣ್ಣಗೆ ಒಂದು ಟಿಕ್ ಗುರುತು ಹಾಕಿದ್ದಾರೆ. ಅವರೂ ಒಬ್ಬ ಪೋಸ್ಟ್‌ಡಾಕ್ ಇದ್ದಿರಬೇಕು. ಹುಡುಗ ಪಟ್ಟಿ ಓದಿದ. "ಚಾನೆಲ್ 12." ಎಂಟೆಂಟರ ಗುಂಪು. ಎರಡನೆಯ ಗುಂಪಿನಲ್ಲಿ ನಾಲ್ಕನೆಯದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ರೆಸಿಸ್ಟರ್. ಮೂತಿ ಚೂಪಾದ ಇಕ್ಕಳದಲ್ಲಿ ಹಿಡಿದೆ, ಉಸಿರು ಬಿಗಿಹಿಡಿದು ಎಳೆದೆ, ಬಂತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಂಬರು ಬರೆದೆ. ಹೀಗೇ ನಾಲ್ಕು ಕಾರ್ಡು.

ಸಂಜೆ ಮೇಲೆ ಬಂದ ಮೇಲೆ ಕಂಟ್ರೋಲ್ ರೂಮಿನವರು ನಿಧಾನಕ್ಕೆ ವೋಲ್ಟೇಜು ಏರಿಸಿದರು. ಪರದೆಯ ಮೇಲೆ ನೋಡಿದರೆ ಮೂರು ಸರಿ. ನಾಲ್ಕನೆಯದರಲ್ಲಿ ಚಾನೆಲ್ 12 ಇನ್ನೂ ಹುಚ್ಚೆದ್ದು ಕುಣಿಯುತ್ತಿದೆ. ಪಕ್ಕದ 11, ಯಾರ ತಂಟೆಗೂ ಹೋಗದ ಪಾಪದ ಕೊಳವೆ, ಸತ್ತಿದೆ.

ಇಲ್ಲಿ ಎಣಿಕೆ ಸೊನ್ನೆಯಿಂದ. 0ಯಿಂದ 31. ಎಂಟು ವರ್ಷದಿಂದ ಕೋಡ್ ಬರೆಯುವವಳಿಗೆ ಇದು ಗೊತ್ತಿಲ್ಲವೇ? ಗೊತ್ತು. ಆದರೆ ಬೆರಳು ಇಟ್ಟು ಎಣಿಸುವಾಗ ಕೈ ಒಂದನೇ ಕ್ಲಾಸಿಗೆ ಹೋಗುತ್ತದೆ. ಒಂದು, ಎರಡು, ಮೂರು, ನಾಲ್ಕು. ಉಳಿದ ಮೂರು ಕಾರ್ಡಿನಲ್ಲಿ ಸರಿಯಾಗಿ ಎಣಿಸಿದ ನಾನು ಇದೊಂದರಲ್ಲಿ ಹೇಗೆ ತಪ್ಪಿದೆ ಅನ್ನುವುದು ಈಗಲೂ ಅರ್ಥವಾಗಿಲ್ಲ. ತಪ್ಪು ನನ್ನದೇ ಅಂತ ಲಾಗ್ ಬುಕ್ಕಿನಲ್ಲಿ ಬರೆದೆ. ರಾತ್ರಿ ನಿದ್ದೆ ಬರಲಿಲ್ಲ. ಕರಾರು ಮುಂದುವರಿಸುವ ಪತ್ರ ಇನ್ನೂ ಬಂದಿಲ್ಲ, ಇಂಥ ಹೊತ್ತಿನಲ್ಲೇ ಇದು.

ಗುರುವಾರ

ಮತ್ತೆ ಕೇಜು, ಸುರಂಗ, ಸ್ನಾನ. 11ರ ರೆಸಿಸ್ಟರ್ ವಾಪಸ್ ಕೂರಿಸಿ, 12ರದ್ದು ಕಿತ್ತೆ. ಈ ಸಲ ಇಬ್ಬರೂ ಬೇರೆ ಬೇರೆ ಎಣಿಸಿ, ಆಮೇಲೆ ಜೋರಾಗಿ ಹೇಳಿದೆವು. ಹುಡುಗ ಪೋರ್ಚುಗೀಸಿನಲ್ಲಿ, ನಾನು ಕನ್ನಡದಲ್ಲಿ, ಸೊನ್ನೆ, ಒಂದು, ಎರಡು. ಹದಿನೈದು ನಿಮಿಷದ ಕೆಲಸ. ಇದಕ್ಕೆ ಇಡೀ ದಿನ. ಸಂಜೆಯ ಕೇಜಿನವರೆಗೆ ಮೇಲೆ ಹೋಗುವ ಹಾಗಿಲ್ಲ.

ಹಾಗೆ ಸಿಕ್ಕಿದ ಹೊತ್ತಿನಲ್ಲಿ ಕೆಲಸಕ್ಕೆ ಅರ್ಜಿ ಬರೆಯುತ್ತಾ ಕೂತೆ. ನೆಲದಡಿ ಮೊಬೈಲ್ ಸಿಗ್ನಲ್ ಇಲ್ಲ, ಆದರೆ ಇಂಟರ್ನೆಟ್ ಚೆನ್ನಾಗಿದೆ. "ಭಾರತಕ್ಕೆ ಬಂದುಬಿಡು" ಅನ್ನುತ್ತಾರೆ ಮನೆಯಲ್ಲಿ. ಬರಲು ಇಂಥದ್ದೊಂದು ಅಲ್ಲಿರಬೇಕಲ್ವಾ? ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ಬೆಟ್ಟದಡಿ 50,000 ಟನ್ ಕಬ್ಬಿಣದ ನ್ಯೂಟ್ರಿನೊ ಯಂತ್ರ ಕಟ್ಟುವ ಯೋಜನೆಗೆ ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಸ್ಥಳೀಯರ ವಿರೋಧ, ಕೋರ್ಟು, ಕಾಡಿನ ಪ್ರಶ್ನೆ. ಸುರಂಗ ಶುರುವಾಗಲೇ ಇಲ್ಲ. ಅಲ್ಲಿಯ ಜನರ ಭಯ ನನಗೆ ಅರ್ಥವಾಗುತ್ತದೆ. ಅಣು ತ್ಯಾಜ್ಯ ಹೂಳುತ್ತಾರೆ ಅಂತ ಯಾರೋ ಹೇಳಿದರೆ ನಂಬದಿರಲು ಅವರಿಗೆ ಕಾರಣವೇನಿತ್ತು? ಅವರ ಜೊತೆ ಕೂತು ಮೊದಲೇ ಮಾತಾಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಸಂಜೆ ವೋಲ್ಟೇಜು ಏರಿತು. 11 ಬದುಕಿದೆ. 12 ಸುಮ್ಮನಾಗಿದೆ.

ಶುಕ್ರವಾರ

ಮೇಲೆ ಮೈನಸ್ 30ರ ಹತ್ತಿರ. ಕಾರಿನಿಂದ ಡ್ರೈ ತನಕ ಓಡುವಷ್ಟರಲ್ಲಿ ರೆಪ್ಪೆಗೆ ಹಿಮ ಹಿಡಿಯಿತು. ಕೇಜಿನಲ್ಲಿ ಪಕ್ಕ ನಿಂತ ಹಿರಿಯ ಗಣಿಗಾರರು "ಎಲ್ಲಿಯವಳು ನೀನು?" ಅಂದರು. ಇಂಡಿಯಾ ಅಂದೆ. ಕೋಲಾರ ಅಂದರೆ ಗೊತ್ತಾಗುವುದಿಲ್ಲ ಅಂದುಕೊಂಡು ಅಷ್ಟಕ್ಕೇ ನಿಲ್ಲಿಸಿದ್ದೆ. ಯಾವ ಊರು ಅಂತ ಮತ್ತೆ ಕೇಳಿದರು. ಹೇಳಿದೆ. "ಗೋಲ್ಡ್ ಫೀಲ್ಡ್ಸ್!" ಅಂದುಬಿಟ್ಟರು. ರಾಕ್‌ಬರ್ಸ್ಟ್ ಬಗ್ಗೆ ಅವರಿಗೆ ಕೊಟ್ಟ ತರಬೇತಿಯಲ್ಲಿ ನಮ್ಮ ಕೆ.ಜಿ.ಎಫ್. ಹೆಸರು ಬಂದಿತ್ತಂತೆ. ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದು ಅಲ್ಲೂ ಇತ್ತು, ಇಲ್ಲೂ ಇದೆ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಊರಿಗಾಂ ದಾಟಿದರೆ ಚಾಂಪಿಯನ್ ಸ್ಟೇಷನ್ನು. ಚಿಕ್ಕಂದಿನಲ್ಲಿ ಅದು ಯಾರ ಚಾಂಪಿಯನ್ ಅಂತ ನಗುತ್ತಿದ್ದೆವು. ಅದು ಚಾಂಪಿಯನ್ ರೀಫ್ ಗಣಿ. ನ್ಯೂಟ್ರಿನೊ ಕತೆಯ ಒಂದು ಮೊದಲ ಪುಟ ಅಲ್ಲೇ ಇದೆ ಅಂತ ನನಗೆ ಗೊತ್ತಾಗಿದ್ದು ಎಂ.ಎಸ್ಸಿ.ಗೆ ಬಂದ ಮೇಲೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಅಲ್ಲಿ ಆಳದಲ್ಲಿ ಮ್ಯೂಯಾನ್ ಎಣಿಸುವ ಕೆಲಸ ಶುರು ಮಾಡಿದರು. ಮ್ಯೂಯಾನ್ ಅಂದರೆ ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟಿ ಬಂಡೆಯನ್ನೂ ತೂರಿ ಬರುವ ಕಣ. ಆಮೇಲೆ ಇನ್ನೊಂದು ತಂಡ ಇನ್ನೂ ಆಳಕ್ಕೆ ಇಳಿದು ಎರಡು ತಿಂಗಳು ಕಾದಿತು. ಒಂದೂ ಬರಲಿಲ್ಲ. ಬೇರೆಯವರಾದರೆ ಕೈ ಚೆಲ್ಲುತ್ತಿದ್ದರು. ಇಷ್ಟು ನಿಶ್ಶಬ್ದ ಇದ್ದರೆ ನ್ಯೂಟ್ರಿನೊ ಕೇಳಿಸಬಹುದಲ್ಲ ಅಂತ ಇವರು ಯೋಚಿಸಿದರು. ಒಸಾಕಾ, ಡರ್ಹಮ್ ವಿಶ್ವವಿದ್ಯಾಲಯದವರೂ ಸೇರಿದರು. 1965ರಲ್ಲಿ, 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು. ಅಚ್ಚಿನಲ್ಲಿ ಮೊದಲು ಬಂದದ್ದು ನಮ್ಮವರದು.

ನೆಲದ ಮೇಲೆ ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ಅದರ ಮೂಲಕ ಹಾದುಹೋಗುತ್ತದೆ. ಇಲ್ಲಿ ಸ್ನೋಲ್ಯಾಬಿನಲ್ಲಿ, ಮೇಲಿನ ಬಂಡೆ ತಡೆಯುವುದರಿಂದ, ಒಂದು ಚದರ ಮೀಟರಿಗೆ ನಾಲ್ಕು ದಿನಕ್ಕೊಂದು. ಚಾಪೆ ಹಾಸಿ ಮಲಗಿದರೆ ಗುರುವಾರದಿಂದ ಸೋಮವಾರದವರೆಗೆ ಒಂದು ಬಡಿದೀತು.

ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು. ಆಳದ ಸುರಂಗಗಳಲ್ಲಿ ಈಗ ನೀರು. ಎಂ.ಎಸ್ಸಿ.ಯಲ್ಲಿ ಒಮ್ಮೆ ಹೋಗಿ ನೋಡಿ ಬಂದಿದ್ದೆ. ಸೈನೈಡ್ ಮಣ್ಣಿನ ಬೂದು ಗುಡ್ಡಗಳು, ತುಕ್ಕು ಹಿಡಿದ ಕಬ್ಬಿಣದ ಗೋಪುರ. ಇಲ್ಲಿ ಕ್ರೈಟನ್ ಗಣಿ 1901ರಿಂದ ನಡೆಯುತ್ತಲೇ ಇದೆ, ಆದರೆ ಪಕ್ಕದಲ್ಲಿದ್ದ ಕ್ರೈಟನ್ ಊರು ಇಲ್ಲ. 1980ರ ದಶಕದ ಕೊನೆಗೆ ಜನರನ್ನೆಲ್ಲ ಕಳಿಸಿ ಮನೆಗಳನ್ನು ತೆಗೆದುಬಿಟ್ಟರು. ಅಲ್ಲಿ ಊರಿದೆ ಗಣಿಯಿಲ್ಲ, ಇಲ್ಲಿ ಗಣಿಯಿದೆ ಊರಿಲ್ಲ.

ಶನಿವಾರ, ಫೆಬ್ರವರಿ 4

ಹೊರಡುವ ಮುಂಚೆ ಹುಡುಗನಿಗೆ ದೊಡ್ಡ ನಿಕಲ್ ತೋರಿಸಿದೆ. 9 ಮೀಟರ್ ಎತ್ತರದ ಐದು ಸೆಂಟಿನ ನಾಣ್ಯ, 1964ರಲ್ಲಿ ನಿಲ್ಲಿಸಿದ್ದು. ಚೆನ್ನಾಗೇನೂ ಇಲ್ಲ. ಫೋಟೋ ತೆಗೆದುಕೊಂಡ. ದೂರದಲ್ಲಿ 381 ಮೀಟರಿನ ಹೊಗೆಕೊಳವೆ, 2020ರಿಂದ ಹೊಗೆ ಬಿಟ್ಟಿಲ್ಲ. ಒಂದು ಕಾಲದಲ್ಲಿ ಇಲ್ಲಿ ಅದಿರು ಸುಟ್ಟು ಗಂಧಕದ ಹೊಗೆಗೆ ಗಿಡಮರವೆಲ್ಲ ಸತ್ತು ಬಂಡೆ ಕಪ್ಪಾಗಿತ್ತು. 1978ರಿಂದ ಊರವರು ಸುಣ್ಣ ಚೆಲ್ಲಿ ಗಿಡ ನೆಡುತ್ತಾ ಬಂದರು. ಈಗ ಹಿಮದ ನಡುವೆ ಹಸಿರು ಪೈನ್ ಕಾಣುತ್ತದೆ, ಅಲ್ಲಲ್ಲಿ ಇನ್ನೂ ಕಪ್ಪು ಬಂಡೆಯ ಬೆನ್ನು.

ಫ್ರೆಂಚ್ ನದಿಯ ಹತ್ತಿರ ಪೆಟ್ರೋಲ್ ಹಾಕಿಸುವಾಗ ಅಮ್ಮನ ಫೋನು ಬಂತು. ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು.

"ಆ ಚಳೀಲಿ ದಿನಾ ಸ್ನಾನ ಮಾಡ್ತಿದ್ದೀಯೋ ಇಲ್ವೋ?"

"ಮೂರು ಸಲ ಅಮ್ಮ. ಬೆಳಿಗ್ಗೆ ಮನೇಲಿ, ಕೆಳಗೆ ಹೋದ ಮೇಲೆ ಒಂದು, ಮೇಲೆ ಬಂದ ಮೇಲೆ ಇನ್ನೊಂದು."

ಸ್ವಲ್ಪ ಹೊತ್ತು ಮಾತಿಲ್ಲ. "ಎಣ್ಣೆ ಹಚ್ಚಿಕೊಳ್ತೀಯಾ ತಲೆಗೆ?"

"ಅಲ್ಲಿಗೆ ಹೋಗೋವಾಗ ಹಚ್ಚೋಕಾಗಲ್ಲ."

"ಕೂದಲು ಉದುರಿ ಹೋಗತ್ತೆ ನೋಡ್ತಿರು" ಅಂದು, ಲಿಸ್ಬನ್ ಹುಡುಗನ ಊಟ ಆಯಿತಾ ಅಂತ ವಿಚಾರಿಸಿ, ಫೋನ್ ಇಟ್ಟರು.